ಭರಮಣ್ಣನ ಮಿಣಿ

ನಮ್ಮಣ್ಣನ ಹೆಸರಿನ ಹಿಂದೆ ಸರಕಾರ ಒಂದು ಶಬ್ದ ಬರೆದಿತ್ತು. ಭಗೋಡಾ. ದಂಡು ಬಿಟ್ಟು ಓಡಿಹೋದವನು. ನಮ್ಮೂರ ಗೌಡನ ಮಗನ ಹೆಸರಿನ ಹಿಂದೆ ಅದೇ ಸರಕಾರ ನಾಲ್ಕು ಇಂಗ್ಲಿಷ್ ಅಕ್ಷರ ಬರೆದಿತ್ತು. ಐ.ಡಿ.ಎಸ್.ಎಂ. ರಣದಲ್ಲಿ ಎದೆಗಾರಿಕೆ ತೋರಿಸಿದವನಿಗೆ ಬೆಳ್ಳಿ ಪದಕ ಕೊಡುತ್ತಾರೆ. ಪದಕದ ಜೊತೆ ಆ ಅಕ್ಷರಗಳು ಬರುತ್ತವೆ. ಸಾಯುವ ತನಕ ಹೆಸರಿಗೆ ಅಂಟಿಕೊಂಡಿರುತ್ತವೆ. ಆ ಶಬ್ದ, ಈ ಅಕ್ಷರ, ಎರಡೂ ಒಂದೇ ಗುಡ್ಡದಿಂದ ಬಂದವು. ಒಂದೇ ಮುಂಜಾನೆಯಿಂದ ಬಂದವು.

ನಾನು ಮಾದರ ದುರಗಪ್ಪ. ಮೂರನೇ ಇಯತ್ತೆ ತನಕ ಸಾಲಿ ಕಲಿತವನು, ಅದೂ ಸಾಲಿಯ ಹೊರಗೆ ಪಾವಟಿಗೆಯ ಮೇಲೆ ಕೂತು. ಮಾಸ್ತರ ನನ್ನ ಪಾಟಿ ಮುಟ್ಟುತ್ತಿರಲಿಲ್ಲ. ತಪ್ಪು ಬರೆದರೆ ಕೂತಲ್ಲಿಂದಲೇ ಹರಳು ಒಗೆಯುತ್ತಿದ್ದ. ಒಂದು ಹರಳು ಹುಬ್ಬು ಒಡೆಯಿತು. ಮರುದಿನ ನಾನೂ ಒಂದು ಒಗೆದೆ. ಅಲ್ಲಿಗೆ ಸಾಲಿ ಮುಗಿಯಿತು. ಆದರೆ ಓದಲು ಬರುತ್ತದೆ. ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಬ್ಯಾಡಗಿಗೆ ಎರಡು ಹರದಾರಿ, ಕದರಮಂಡಲಗಿ ದಾರಿಯ ಮೇಲೆ. ಊರಲ್ಲಿ ದನ ಸತ್ತರೆ ನಮ್ಮ ಕೇರಿಗೆ ಕರೆ ಬರುತ್ತದೆ. ಬಿಸಿಲು ಏರುವುದರೊಳಗೆ ಎಳೆದು ತರಬೇಕು. ತಡವಾದರೆ ಹೊಟ್ಟೆ ಉಬ್ಬುತ್ತದೆ, ಚರ್ಮ ಕೆಡುತ್ತದೆ. ಎಳೆಯುವುದು ಕಂಡಕಂಡವರಿಗೆ ಬರುವ ಕೆಲಸವಲ್ಲ. ಕೊರಳಿಗೆ ಹಗ್ಗ ಹಾಕಿ ಜಗ್ಗಿದರೆ ಮೈ ನೆಲಕ್ಕೆ ಉಜ್ಜಿ ಚರ್ಮ ಹರಿಯುತ್ತದೆ. ಹರಿದ ಚರ್ಮಕ್ಕೆ ಊರವರು ನಮ್ಮ ಚರ್ಮ ಸುಲಿಯುತ್ತಾರೆ. ಅದಕ್ಕೆ ಮಿಣಿ ಬೇಕು. ಮಿಣಿ ಅಂದರೆ ಎಮ್ಮೆಯ ಚರ್ಮದ ಹಗ್ಗ. ಎರಡು ಬೆರಳು ಅಗಲ, ಎಂಟು ಮೊಳ ಉದ್ದ. ಅದನ್ನು ಮುಂಗಾಲಿನ ಕಂಕುಳಡಿ ಹಾಯಿಸಿ, ಕುತ್ತಿಗೆಯ ಹಿಂದೆ ತಂದು ಒಂದು ಗಂಟು ಹಾಕುತ್ತೇವೆ. ಜಗ್ಗಿದಷ್ಟೂ ತಲೆ ಹೆಗಲು ಮೇಲೇಳುತ್ತವೆ, ಕಲ್ಲು ತಾಗುವುದಿಲ್ಲ. ಮಿಣಿಯ ಇನ್ನೊಂದು ತುದಿ ಎಳೆಯುವವನ ಹಣೆಗೆ. ಕೈ ಖುಲ್ಲಾ. ಏರು ಬಂದರೆ ಅಂಗೈ ಊರಿ ನಾಲ್ಕು ಕಾಲ ಮೇಲೆ ಹೋಗುತ್ತೇವೆ. ನೋಡುವವರಿಗೆ ದನ ದನವನ್ನು ಎಳೆದಂತೆ ಕಾಣುತ್ತದೆ.

ಆ ಗಂಟು ನಮ್ಮ ಕೇರಿಯವರ ಹೊರತು ಯಾರಿಗೂ ಬರುವುದಿಲ್ಲ. ಯಾರಿಗೂ ಬೇಕಾಗಿಯೂ ಇಲ್ಲ. ನನಗೆ ಕಲಿಸಿದವನು ಅಣ್ಣ ಭರಮಣ್ಣ. ಅವ್ವ ಅಪ್ಪ ಪ್ಲೇಗಿನಲ್ಲಿ ಹೋದ ಮೇಲೆ ನನ್ನನ್ನು ಸಾಕಿದವನೂ ಅವನೇ.

ಸಾವಿರದ ಒಂಬೈನೂರ ನಾಲ್ವತ್ತೆರಡರಲ್ಲಿ ಹಾವೇರಿಗೆ ದಂಡಿನ ಭರತಿಯವರು ಬಂದರು. ಗೌಡನ ಮಗ ವಿರೂಪಾಕ್ಷಗೌಡ ಪಲ್ಟಣ ಸೇರಿ ಮುಂದೆ ಜಮಾದಾರನಾದ. ಪಲ್ಟಣಕ್ಕೆ ಬೂಟು ಹೊಲಿಯುವ ಮೋಚಿ ಬೇಕಾಗಿದ್ದ. ಗೌಡ ನಮ್ಮಣ್ಣನನ್ನು ಕೊಟ್ಟ. ಬಣವೆಯಿಂದ ಒಂದು ಹೊರೆ ಮೇವು ಹಿರಿದು ಕೊಟ್ಟ ಹಾಗೆ ಕೊಟ್ಟ. ಕೇಳಲಿಲ್ಲ. ಅಣ್ಣನ ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೋಗುವಾಗ ಅವನು ಉಳಿ, ಚರ್ಮ ಕೊಯ್ಯುವ ರಂಪಿಗೆ, ಮಿಣಿ ತೆಗೆದುಕೊಂಡ. "ಮಿಣಿ ಯಾಕ? ಅಲ್ಲೇನು ದನ ಎಳೀತಿ?" ಅಂತ ಅತ್ತಿಗೆ ಶೇಖವ್ವ ಕೇಳಿದಳು. ಅಣ್ಣ ಅದನ್ನು ಸೊಂಟಕ್ಕೆ ಸುತ್ತಿಕೊಂಡು ನಕ್ಕ. "ಲಡಾಯಿ ಅಂದ್ರ ಸಾಯೂದು. ಸತ್ತದ್ದನ್ನ ಎಳಿಯಾಕ ಯಾರರ ಬೇಕಲ್ಲ."

ನಾಲ್ವತ್ತನಾಲ್ಕರಲ್ಲಿ ಪೊಲೀಸರು ಬಂದರು. ಅವರ ಕಾಗದದಲ್ಲಿ ಅಣ್ಣನ ಹೆಸರು ಹೀಗಿತ್ತು: ಭರಮಪ್ಪ ಮಾದರ, ಮೋಚಿ, ಬರ್ಮಾ ಗಡಿಯ ರಣದಿಂದ ಪರಾರಿ. ಎಲ್ಲಿ ಬಚ್ಚಿಟ್ಟಿದ್ದೀರಿ? ನಾನು ಗೊತ್ತಿಲ್ಲ ಅಂದೆ. ಬೇವಿನ ಗಿಡಕ್ಕೆ ಕಟ್ಟಿ ಪಾದಕ್ಕೆ ಹೊಡೆದರು. ಅಂಗಾಲು ಒಡೆದು ಹದಿನೈದು ದಿನ ಅಂಡಿನ ಮೇಲೆ ತೆವಳಿದೆ. ಆಮೇಲೆ ಪ್ರತಿ ಶನಿವಾರ ಬಂದರು. ಬ್ಯಾಡಗಿ ಸಂತೆಗೆ ಬರುವ ಪೊಲೀಸರಿಗೆ ನಮ್ಮ ಮನೆ ದಾರಿಯ ಮೇಲಿನ ಕೆಲಸ. ಗಡಿಗೆ ಒಡೆದರು. ಜೋಳ ಮಣ್ಣಿಗೆ ಸುರುವಿ ಬೂಟಿನಿಂದ ಕಲಸಿದರು. ಶೇಖವ್ವನನ್ನು ಅಂಗಳದಲ್ಲಿ ನಿಲ್ಲಿಸಿ ಒಬ್ಬ ಕೋಲಿನಿಂದ ಅವಳ ಹೊಟ್ಟೆ ಒತ್ತಿ ನೋಡಿದ. "ಗಂಡ ಬಂದು ಹೋಗ್ಯಾನೋ ಇಲ್ಲೋ, ಇಲ್ಲಿ ಗೊತ್ತಾಗತೈತಿ" ಅಂದ. ಇನ್ನಿಬ್ಬರು ನಕ್ಕರು. ಅವಳು ಸುಣ್ಣದ ಕುಂಡದಿಂದ ಎದ್ದು ಬಂದಿದ್ದಳು. ಚರ್ಮದ ಕೂದಲು ಬಿಡಿಸಲು ಸುಣ್ಣದ ನೀರಲ್ಲಿ ನೆನೆಹಾಕುತ್ತೇವೆ. ದಿನಾ ಅದರಲ್ಲಿ ಕೈಯಾಡಿಸಿ ಅವಳ ಬೆರಳ ಸಂದುಗಳು ಸುಟ್ಟು ಬಿಳಿಯಾಗಿದ್ದವು. ಆ ಕೈಗಳನ್ನು ಅವಳು ಮುಷ್ಟಿ ಮಾಡಿದ್ದಳು. ಮೊಣಕೈ ತನಕ ಹಸಿರು ಬಳೆ.

ಆ ಬಳೆಗಳೇ ಅವಳ ಶಿಕ್ಷೆ. ಗಂಡ ಸತ್ತವಳು ಬಳೆ ಒಡೆದುಕೊಳ್ಳುತ್ತಾಳೆ, ಅಳುತ್ತಾಳೆ. ವರ್ಷವಾದ ಮೇಲೆ ಬೇಕಾದರೆ ಉಡಿಕೆ ಮಾಡಿಕೊಂಡು ಇನ್ನೊಬ್ಬನ ಜೊತೆ ಬಾಳುತ್ತಾಳೆ. ಓಡಿಹೋದವನ ಹೆಂಡತಿಗೆ ಏನೂ ಇಲ್ಲ. ಬಳೆ ಒಡೆಯುವ ಹಾಗಿಲ್ಲ, ಅಳುವ ಹಾಗಿಲ್ಲ. ಶನಿವಾರ ಬಂದರೆ ಅಂಗಳದಲ್ಲಿ ನಿಲ್ಲಬೇಕು.

"ದುರಗ್ಯಾ, ಅವ ಸತ್ತಾನೋ ಅದಾನೋ ಅಷ್ಟು ತಿಳದು ಬಾ. ನನಗ ಮತ್ತೇನೂ ಬ್ಯಾಡ" ಅಂದಳು.

ತಿಳಿಸಿದವನು ರಾಣೆಬೆನ್ನೂರಿನ ಶಾಬುದ್ದೀನ. ಅದೇ ಪಲ್ಟಣದಲ್ಲಿ ನೀರು ಹೊರುವ ಬಿಸ್ತಿಯಾಗಿದ್ದವನು. ಬಲಗೈ ಮೊಣಕೈಗೇ ಮುಗಿದಿತ್ತು. ನಾಲ್ವತ್ತೈದರ ಮಾಘ ಮಾಸದಲ್ಲಿ ನಮ್ಮ ಕೇರಿ ಹುಡುಕಿಕೊಂಡು ಬಂದ. ಬಂದವನು ಕುಳಿತುಕೊಳ್ಳಲಿಲ್ಲ. ಚೀಲದಿಂದ ಒಂದು ಸುರುಳಿ ತೆಗೆದು ಶೇಖವ್ವನ ಮುಂದೆ ಇಟ್ಟ. ಮಿಣಿ. ಅರ್ಧದಷ್ಟು ಕಪ್ಪಗೆ ಗಟ್ಟಿಯಾಗಿತ್ತು. ರಕ್ತ ಕುಡಿದ ಚರ್ಮ ಹಾಗೆ ಆಗುತ್ತದೆ.

"ಮುಂಜಾನಿ ಗುಡ್ಡದ ಮ್ಯಾಲೆ ಜಪಾನದವರ ಗುಂಡು ಚಾಲೂ ಆತು. ಕಪ್ತಾನ ಸಾಹೇಬ ಬಿದ್ದ. ನಿಮ್ಮ ಜಮಾದಾರಗ ತೊಡಿಗೆ ಹತ್ತಿತು. ಒಬ್ಬ ಹವಾಲ್ದಾರ ಬಿದ್ದ. ಸಿಪಾಯಿಗೋಳು ತಲಿ ಎತ್ತಾಕ ಆಗಲಿಲ್ಲ. ಭರಮಣ್ಣ ಬೂಟು ಹೊಲ್ಯಾಕತ್ತಿದ್ದ. ಉಳಿ ಕೆಳಗಿಟ್ಟ. ಮಿಣಿ ಬಿಚ್ಚಿದ. ಹೊಟ್ಟಿ ಮ್ಯಾಲೆ ಮಲಕೊಂಡು ಹೋದ. ಮೊದಲ ಸಾಹೇಬನ್ನ ಎಳಕೊಂಡು ಬಂದ. ಆಮ್ಯಾಲೆ ಜಮಾದಾರನ್ನ. ನಾನು ಕೆಳಗ ನೀರಿನ ಪಖಾಲಿ ಹಿಡಕೊಂಡು ನಿಂತಿದ್ದೆ. ಜಮಾದಾರನ ಕಂಕುಳಾಗಿನ ಗಂಟು ಬಿಚ್ಚಲಿಲ್ಲ ಅವಗ, ರಗತಕ್ಕ ಬಿಗದಿತ್ತು. ಹಂಗ ಬಿಟ್ಟ, ಬರೇಗೈಲೆ ಮ್ಯಾಲೆ ಹೋದ. ಹವಾಲ್ದಾರನ ಮುಟ್ಟಿದ್ದ ನೋಡೇನಿ. ತೋಫಿನ ಗುಂಡು ಬಿತ್ತು. ಇಬ್ರೂ ಇಲ್ಲ. ಏನೂ ಸಿಗಲಿಲ್ಲ. ಬಟ್ಟಿನೂ ಸಿಗಲಿಲ್ಲ."

ಶೇಖವ್ವ ಕಪ್ಪಾದ ಜಾಗವನ್ನು ಮುಟ್ಟಿದಳು. "ಇದು ಅವಂದೇನು?"

"ಅಲ್ಲವ್ವಾ. ಇದು ಜಮಾದಾರಂದು. ನಿನ್ನ ಗಂಡನ ರಗತ ಒಂದು ಹನಿ ಮನಿಗೆ ಬರಲಿಲ್ಲ."

ಮುಂದಿನದನ್ನೂ ಶಾಬುದ್ದೀನನೇ ಹೇಳಿದ, ದಂಡಿನ ದವಾಖಾನೆಯಲ್ಲಿ ಅವನೂ ಇದ್ದ. ಕಪ್ತಾನ ಸಾಹೇಬನಿಗೆ ಅರಿವಿರಲಿಲ್ಲ. ಎರಡು ತಿಂಗಳಿಗೆ ಎಚ್ಚರಾದಾಗ ಚರ್ಮದ ಪಟ್ಟಿ ಹಾಕಿ ಯಾರೋ ಎಳೆದದ್ದು ನೆನಪಿದೆ ಅಂದನಂತೆ. ಪಕ್ಕದ ಮಂಚದಲ್ಲಿ ವಿರೂಪಾಕ್ಷಗೌಡ ಇದ್ದ. ಅದು ನಾನೇ ಅಂದ. ಮೋಚಿ ಎಲ್ಲಿ ಅಂತ ಕೇಳಿದ್ದಕ್ಕೆ ಮೊದಲ ಗುಂಡಿಗೇ ಓಡಿಹೋದ ಅಂದ. ಅವನು ಹಾಗೆ ಅನ್ನಲೇಬೇಕಾಗಿತ್ತು. ಮೋಚಿ ಸತ್ತಿದ್ದರೆ ಎಲ್ಲಿ ಸತ್ತ, ಯಾಕೆ ಮೇಲೆ ಹೋಗಿದ್ದ ಅಂತ ಕೇಳುತ್ತಾರೆ. ಓಡಿಹೋದವನ ಬಗ್ಗೆ ಯಾರೂ ಕೇಳುವುದಿಲ್ಲ. ಶಾಬುದ್ದೀನ ಸುಬೇದಾರನ ಮುಂದೆ ಹೋಗಿ ಕಂಡದ್ದು ಹೇಳಿದ್ದ. ಸುಬೇದಾರ ಬೈದು ಕಳಿಸಿದ. ಬಿಸ್ತಿ, ಮೋಚಿ, ಕಕ್ಕಸು ಬಳಿಯುವ ಭಂಗಿ ಇವರು ಲಡಾಯಿಯವರಲ್ಲ, ಚಾಕರಿಯವರು, ಆ ಪದಕ ಅವರಿಗೆ ನಡೆಯುವುದಿಲ್ಲ, ಕಾಯ್ದೆ ಇಲ್ಲ ಅಂದ.

ನಾನು ಹಾವೇರಿಗೆ ನಡೆದೆ. ಭರತಿ ಕಚೇರಿಯಲ್ಲಿ ರಾಘಣ್ಣ ಅಂತ ಕಾರಕೂನ ಇದ್ದ. ಹೊರಗೆ ಬಿಸಿಲಲ್ಲಿ ನಿಂತು ಎರಡು ತಾಸು ಕಾದೆ. ಕಿಟಕಿಯಿಂದ ನೋಡಿದ.

"ಏನೋ?"

"ಐಡಿಎಸ್ಎಂ ಯಾರಿಗೆ ಸಿಗತೈತ್ರಿ? ಮೋಚಿಗೆ ಸಿಗಂಗಿಲ್ಲ ಅಂತ ಕಾಯ್ದೆ ಐತೇನ್ರಿ?"

ಅವನು ನಕ್ಕ. ಆದರೆ ಪುಸ್ತಕದವರಿಗೆ ಪುಸ್ತಕ ತೆಗೆಯದೆ ಇರಲು ಆಗುವುದಿಲ್ಲ. ಕೆಂಪು ರಟ್ಟಿನದು ತೆಗೆದು ಹಾಳೆ ತಿರುವಿದ. ಬೆರಳಿಟ್ಟ. ಅವನ ನಗೆ ಸಣ್ಣದಾಯಿತು.

"ಕಾಯ್ದೆ ಅದನೋ. ಹೋದ ಲಡಾಯಿಯೊಳಗ, ಹದಿನೇಳನೇ ಇಸವಿಯೊಳಗ ಬಂದದ. ರಣದಾಗ ಚಾಕರಿ ಮಾಡೋ ಎಲ್ಲಾರಿಗೂ ಈ ಪದಕ ಸಲ್ಲತದ. ಬಂದೂಕ ಹಿಡೀಲಿಕ್ಕೆ ಬೇಕಂತಿಲ್ಲ."

"ಅಂದ್ರ ಸುಬೇದಾರ ಸುಳ್ಳ ಹೇಳಿದ."

"ಅವಗ ಗೊತ್ತಿತ್ತೋ ಇಲ್ಲೋ. ಯಾರ ಓದ್ತಾರ ಇದನ್ನ."

"ಮತ್ತ ಹೆಸರ ಹಿಂದಿನ ಅಕ್ಷರ?"

"ಪದಕ ಬಂದ್ರ ಅಕ್ಷರ ತಾವ ಬರ್ತಾವ. ಭರಮಪ್ಪ ಮಾದರ, ಐ.ಡಿ.ಎಸ್.ಎಂ. ಬರೀಲಿಕ್ಕೆ ಕಾಯ್ದೆ ಅಡ್ಡಿಲ್ಲ. ಬರಿಯೋ ಕೈ ಇಲ್ಲ, ಅಷ್ಟ. ಮ್ಯಾಲಿನವ ಶಿಫಾರಸು ಬರೀಬೇಕು. ಸತ್ತವರಿಗೆ ಕೊಡ್ತಾರೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಓಡಿಹೋದವಗ ಅಂತೂ ಇಲ್ಲ. ಮೊದಲ ಅವ ಸತ್ತಾನ ಅಂತ ಕಾಗದದ ಮ್ಯಾಲೆ ಬರಬೇಕು. ಅದನ್ನ ಬರಿಯಾಂವ ಅವನ ಜಮಾದಾರ."

ಕಿಟಕಿ ಮುಚ್ಚಿದ. ಇಪ್ಪತ್ತೆಂಟು ವರ್ಷದಿಂದ ಕಾಯ್ದೆ ಆ ಪುಸ್ತಕದಲ್ಲಿ ಮಲಗಿತ್ತು. ಎಷ್ಟು ಮಂದಿ ಭಂಗಿ, ಎಷ್ಟು ಮಂದಿ ಬಿಸ್ತಿ ಸತ್ತರೋ. ಯಾರಿಗೂ ಹೇಳಿರಲಿಲ್ಲ.

ವಿರೂಪಾಕ್ಷಗೌಡ ಬೆಳಗಾವಿಯಲ್ಲಿ ಪದಕ ಚುಚ್ಚಿಸಿಕೊಂಡು ರಜೆ ಮೇಲೆ ಊರಿಗೆ ಬಂದಿದ್ದ. ಗೌಡರ ವಾಡೆಯ ಬಾಗಿಲಿಗೆ ಹೆಸರಿನ ಹಲಗೆ ಬರೆಸಿದ್ದರು. ಜಮಾದಾರ ವಿರೂಪಾಕ್ಷಗೌಡ, ಐ.ಡಿ.ಎಸ್.ಎಂ. ಅಕ್ಷರಗಳು ಹೆಸರಿಗಿಂತ ದೊಡ್ಡವು. ನಾನು ಅಂಗಳದ ಹೊರಗೆ, ನಮ್ಮ ಜಾಗದಲ್ಲಿ ನಿಂತೆ. ಆಳು ಅವನ ತೊಡೆಗೆ ಎಣ್ಣೆ ತಿಕ್ಕುತ್ತಿದ್ದ. ಗುಂಡಿನ ಗುರುತು ಕಾಣುತ್ತಿತ್ತು. ಆ ತೊಡೆಯ ರಕ್ತ ನಮ್ಮ ಮನೆಯಲ್ಲಿತ್ತು.

"ಧಣೀ, ಪದಕ ನಿಮಗ ಇರ್ಲಿ. ಅಕ್ಷರಾನೂ ಇರ್ಲಿ. ನಮ್ಮಣ್ಣ ಅಲ್ಲೇ ಸತ್ತ ಅಂತ ಒಂದ ಸಾಲ ಬರದು ಕೊಡ್ರಿ."

"ಯಾರಂದ್ರು ಸತ್ತಾನಂತ?"

"ಶಾಬುದ್ದೀನ."

"ಕೈಯಿಲ್ಲದ ಸಾಬ, ಬಾಯಿ ಮಾತ್ರ ಐತಿ. ಲೇ ದುರಗ್ಯಾ, ನಿಮ್ಮಣ್ಣ ಬರ್ಮಾದಾಗ ಯಾವಾಕಿನೋ ಕಟಗೊಂಡು ಹಾಯಾಗಿ ಅದಾನ. ಸಾಯಿಸ್ತೀ ಯಾಕ?"

ಎಣ್ಣೆ ತಿಕ್ಕುವ ಆಳೂ ನಕ್ಕ. ನಾನು ನಿಂತೇ ಇದ್ದೆ. ಆಮೇಲೆ ಜಮಾದಾರನ ದನಿ ಮೆತ್ತಗಾಯಿತು.

"ಹಿಂಗ ಮಾಡು. ಸೋಮವಾರ ಚಾವಡಿ ಮುಂದ ಸನ್ಮಾನ ಐತಿ. ತಾಲೂಕಿನ ಮಾಮಲೇದಾರ ಸಾಹೇಬ್ರು ಬರ್ತಾರ. ಹಲಗಿ ನೀನ ಬಾರಿಸು, ಡಂಗುರ ನೀನ ಒದರು. ನನ್ನ ಹೆಸರ ಹಿಂದ ನಾಕೂ ಅಕ್ಷರ ಚಂದಂಗೆ ಬರಬೇಕು. ಪೊಲೀಸ್ರು ಮತ್ತ ನಿಮ್ಮ ಕೇರಿಗೆ ಕಾಲಿಡದಂಗ ನಾ ನೋಡ್ಕೋತೇನಿ."

"ಆ ಸಾಲು?"

"ಬರದ್ರ ಇಷ್ಟ ದಿನ ಯಾಕ ಸುಮ್ಮನಿದ್ದಿ ಅಂತ ಸರಕಾರ ನನ್ನ ಕೇಳತೈತಿ. ತಿಳೀತೋ? ಈಗ ಅನ್ನು. ಐ."

ಐದಾರು ಮಾರು ದೂರದಿಂದ ಕಲಿಸಿದ. ಐ. ಡಿ. ಎಸ್. ಎಂ. ನಾನು ಅಂದೆ. ಶನಿವಾರ ನೆನೆದು ಅಂದೆ. ಕೋಲಿನಿಂದ ಒತ್ತಿದ ಹೊಟ್ಟೆ ನೆನೆದು ಅಂದೆ. ತೂಗುಮಣೆಯ ಮೇಲಿದ್ದ ಮುದಿ ಗೌಡ ತಲೆಯಾಡಿಸಿದ. "ಮಾದರ ಬಾಯಾಗ ಇಂಗ್ರೇಜಿ. ಇನ್ನ ದನಾನೂ ಮಾತಾಡ್ತಾವು."

ಸೋಮವಾರ ಬಂತು. ಮೆಣಸಿನಕಾಯಿ ಕೊಯ್ಲಿನ ಕಾಲ. ಚಾವಡಿಯಿಂದ ನಮ್ಮ ಕೇರಿಯ ತನಕ ದಾರಿಯ ಬಯಲು ಪೂರಾ ಗೌಡರ ಕಣ. ನೆಲ ಕಾಣದ ಹಾಗೆ ಕೆಂಪು ಕಾಯಿ ಒಣಹಾಕಿದ್ದರು. ಗಾಳಿ ಬೀಸಿದರೆ ಊರೆಲ್ಲ ಕೆಮ್ಮುತ್ತಿತ್ತು. ಚಾವಡಿಯ ಮುಂದೆ ಮಂಚಗಳನ್ನು ಜೋಡಿಸಿ ಕಂಬಳಿ ಹಾಸಿದ್ದರು. ಮೇಲೆ ಮಾಮಲೇದಾರ, ಮುದಿ ಗೌಡ, ಖಾಕಿ ಹಾಕಿದ ಜಮಾದಾರ. ಎದೆಯ ಮೇಲೆ ಪದಕ. ಕೆಳಗೆ ಮಿಂದು ಮಡಿಯುಟ್ಟ ಊರು. ನಾನು ದೂರದಲ್ಲಿ, ಕೊರಳಲ್ಲಿ ಹಲಗೆ. ಅಂಗಿಯ ಒಳಗೆ ಸೊಂಟಕ್ಕೆ ಅಣ್ಣನ ಮಿಣಿ ಸುತ್ತಿಕೊಂಡಿದ್ದೆ. ಯಾಕೆ ಅಂತ ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮಾಮಲೇದಾರ ಎದ್ದು ಪಲ್ಟಣದಿಂದ ಬಂದ ಕಾಗದವನ್ನು ಕನ್ನಡ ಮಾಡಿ ಓದಿದ. "ಗುಂಡಿನ ಮಳೆಯಲ್ಲಿ ಈ ಶೂರನು ಒಂದು ಚರ್ಮದ ಪಟ್ಟಿಯನ್ನು ಕಪ್ತಾನರ ಎರಡೂ ಕಂಕುಳಡಿ ಹಾಯಿಸಿ, ಕುತ್ತಿಗೆಯ ಹಿಂದೆ ಗಂಟು ಹಾಕಿ, ಅವರ ತಲೆ ಕಲ್ಲಿಗೆ ತಾಗದಂತೆ, ಪಟ್ಟಿಯ ತುದಿಯನ್ನು ತನ್ನ ಹಣೆಗೆ ಹಚ್ಚಿ, ಕೈಕಾಲುಗಳ ಮೇಲೆ ತೆವಳುತ್ತಾ..."

 ಆ ಕಾಗದ ಬರೆದವನಿಗೆ ಅದು ಯಾರ ಗಂಟು ಅಂತ ಗೊತ್ತಿರಲಿಲ್ಲ. ಓದಿದವನಿಗೂ ಗೊತ್ತಿರಲಿಲ್ಲ. ಕೂತಿದ್ದ ಒಕ್ಕಲಿಗರಿಗೆಲ್ಲ ಗೊತ್ತಿತ್ತು. ಅವರ ಸತ್ತ ಎತ್ತು, ಸತ್ತ ಎಮ್ಮೆ ಹಾಗೆಯೇ ಹಿತ್ತಲಿಂದ ಹೋಗಿದ್ದವು. ಮುದುಕ ಗುಡದಪ್ಪ ಪಕ್ಕದವನಿಗೆ ಹೇಳಿದ್ದು ನನ್ನ ತನಕ ಕೇಳಿಸಿತು.

"ಇದನ್ನ ಗೌಡರಿಗೆ ಯಾರ ಕಲಿಸಿದ್ರಪಾ?"

"ಬಾಯಿ ಮುಚಗೊಂಡ ಕುಂದ್ರೋ ಯಪ್ಪಾ."

ಮುದಿ ಗೌಡ ಕೈ ಮಾಡಿದ. ಡಂಗುರ.

ನಾನು ಹಲಗೆ ಬಡಿದೆ. ಮೂರು ಪೆಟ್ಟು. ಜನ ತಿರುಗಿದರು. "ಕೇಳ್ರಪೋ ಕೇಳ್ರಿ" ಅಂದೆ. ನಾಲಿಗೆಯ ಮೇಲೆ ಅಕ್ಷರಗಳು ಸಿದ್ಧವಾಗಿದ್ದವು. ಅಲ್ಲೇ ನಿಂತವು. ಬರಲಿಲ್ಲ. ನಾನು ಹಲಗೆ ಕೊರಳಿಂದ ತೆಗೆದು ನೆಲಕ್ಕಿಟ್ಟೆ.

"ಒದರಲೇ" ಅಂದ ಜಮಾದಾರ.

ಜನರ ನಡುವೆ ನಡೆದೆ. ಮೈಲಿಗೆಯಾದೀತೆಂದು ಅವರೇ ಸರಿದು ದಾರಿ ಬಿಟ್ಟರು. ಮಂಚದ ಮುಂದೆ ನಿಂತು ಸೊಂಟದ ಮಿಣಿ ಬಿಚ್ಚಿ ಕಂಬಳಿಯ ಮೇಲೆ ಒಗೆದೆ.

"ಗಂಟ ಹಾಕ್ರಿ."

"ಏನಂದಿ?"

"ಸಾಹೇಬ್ರು ಓದಿದ್ರಲ್ಲ. ಕಂಕುಳಾಗ ಹಾಯ್ಸಿ, ಕುತಿಗಿ ಹಿಂದ ಗಂಟ. ನೀವ ಹಾಕಿದ್ದಲ್ರಿ? ಹಾಕಿ ತೋರಿಸ್ರಿ. ನನ್ನ ಮೈಗೇ ಹಾಕ್ರಿ. ಮಲಕೋತೇನಿ."

ಮಾಮಲೇದಾರ ಕಾಗದ ನೋಡಿದ, ಮಿಣಿ ನೋಡಿದ, ಜಮಾದಾರನ ಮುಖ ನೋಡಿದ. ಜಮಾದಾರ ಮಿಣಿ ಮುಟ್ಟಲಿಲ್ಲ. ಬೂಟಿನಿಂದ ಒದ್ದ. ಅದು ನನ್ನ ಮುಖಕ್ಕೆ ಬಡಿಯಿತು. ಕೈಯಲ್ಲಿದ್ದ ಬೆತ್ತದಿಂದ ಬಾಯಿಯ ಮೇಲೆ ಹೊಡೆದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು.

"ಓಡಿಹೋದ ಸೂಳೇಮಗನ ತಮ್ಮ. ಅವನ ಹೇಂತಿನ್ನ ಪೊಲೀಸ್ರಿಗೆ..."

ಆ ಮಾತು ಮುಗಿಯಲಿಲ್ಲ. ಕಾಲು ಹಿಡಿದು ಜಗ್ಗಿದೆ. ಮಂಚದಿಂದ ಕೆಳಗೆ ಬಿದ್ದ. ತಲೆಯ ರುಮಾಲು ಉರುಳಿತು. ಎದೆಯ ಮೇಲೆ ಮೊಣಕಾಲು ಊರಿದೆ. ಅವನು ನನ್ನ ಕೈ ಕಚ್ಚಿದ, ಮಾಂಸ ಕಿತ್ತು ಬಂತು. ನಾನು ಮೂಗಿನ ಮೇಲೆ ಗುದ್ದಿದೆ. ಮೂಗು ಮುರಿದ ಸಪ್ಪಳ ಕೇಳಿಸಿತು. ಮತ್ತೆ ಗುದ್ದಿದೆ. ಆಮೇಲೆ ಕೈಗಳು ತಮ್ಮ ಕೆಲಸ ತಾವೇ ಮಾಡಿದವು. ಕಂಕುಳಡಿ, ಕುತ್ತಿಗೆಯ ಹಿಂದೆ, ಗಂಟು. ಕೊರಳಿಗೆ ಹಾಕಬಹುದಾಗಿತ್ತು. ಆ ಯೋಚನೆ ಬಂತು. ಹಾಕಲಿಲ್ಲ. ಅಣ್ಣ ಹಾಕಿದ ಹಾಗೆ ಹಾಕಿದೆ.

ತುದಿ ಹಣೆಗೆ ಹಚ್ಚಿ ಎಳೆದೆ.

ಬಡಿಗೆಗಳು ಬಂದವು. ಮುಟ್ಟದೆ ಹೊಡೆಯುವುದು ಬಡಿಗೆಯಿಂದ ಸಾಧ್ಯ. ಬೆನ್ನಿಗೆ ಬಿದ್ದವು, ತಲೆಗೆ ಬಿದ್ದವು. ಒಂದು ಕಿವಿ ಅವತ್ತಿನಿಂದ ಕೇಳಿಸುವುದಿಲ್ಲ. ನಾನು ಅಂಗೈ ಊರಿ ನಾಲ್ಕು ಕಾಲ ಮೇಲೆ ನುಗ್ಗಿದೆ, ನೆಟ್ಟಗೆ ಮೆಣಸಿನಕಾಯಿ ಕಣದೊಳಗೆ. ಬೀಜ ಸಿಡಿದವು. ಕೆಂಪು ಧೂಳು ಎದ್ದಿತು. ಕಣ್ಣು ಬೆಂಕಿಯಾಯಿತು. ಬಾಯಿಯ ಗಾಯದಲ್ಲಿ ಖಾರ ಹೊಕ್ಕಿತು. ಹಿಂದೆ ಜಮಾದಾರ ಕಿರುಚುತ್ತಿದ್ದ, ಕೆಮ್ಮುತ್ತಿದ್ದ, ಮತ್ತೆ ಕಿರುಚುತ್ತಿದ್ದ. ಮುರಿದ ಮೂಗಿಗೆ ಅದೇ ಧೂಳು. ಅಟ್ಟಿಸಿಕೊಂಡು ಬಂದವರು ಕಣದ ಅಂಚಿಗೆ ನಿಂತುಬಿಟ್ಟರು. ಗೌಡರ ಕಾಯಿ ತುಳಿಯುವ ಧೈರ್ಯ ಅವರಿಗಿರಲಿಲ್ಲ. ಗೌಡರ ಮಗ ಸಾಯುತ್ತಿದ್ದರೂ ಕಾಯಿ ತುಳಿಯಲಿಲ್ಲ. ಸುತ್ತು ಹಾಕಿ ಓಡಿದರು. ಅಷ್ಟರಲ್ಲಿ ನಾನು ಕೇರಿಯ ಗಡಿಕಲ್ಲು ದಾಟಿದ್ದೆ.

ಕಲ್ಲಿನ ಈಚೆ ನಮ್ಮವರು ನಿಂತಿದ್ದರು. ಚರ್ಮ ಸುಲಿಯುವ ಕತ್ತಿಗಳು ಕೈಯಲ್ಲಿ. ಯಾರೂ ಎತ್ತಿರಲಿಲ್ಲ. ಹಿಡಿದು ನಿಂತಿದ್ದರು, ಅಷ್ಟೇ. ಆಚೆ ಮಡಿಯುಟ್ಟ ಊರು. ಒಬ್ಬ ಕಾಲೆತ್ತಿದ. ಇನ್ನೊಬ್ಬ ತೋಳು ಹಿಡಿದು ಹಿಂದಕ್ಕೆ ಜಗ್ಗಿದ. ನಮ್ಮನ್ನು ಹೊರಗಿಡಲು ಅವರ ಮುತ್ತಜ್ಜಂದಿರು ಹುಗಿದ ಕಲ್ಲು. ಅವತ್ತು ಅವರನ್ನೇ ತಡೆಯಿತು.

ಶೇಖವ್ವನ ಬಾಗಿಲಿಗೆ ತಂದು ಹಾಕಿದೆ. ಅವಳು ಸುಣ್ಣದ ಕುಂಡದ ಪಕ್ಕದಲ್ಲಿ ನಿಂತಿದ್ದಳು. ಜಮಾದಾರನ ಕಣ್ಣು ಊದಿ ಮುಚ್ಚಿದ್ದವು. ಮುಖವೆಲ್ಲ ಸಿಂಬಳ, ರಕ್ತ. ಕಾಲು ತರಚಿ ಚಲ್ಲಣ ಚಿಂದಿಯಾಗಿತ್ತು. ಆದರೆ ತಲೆಗೆ ಒಂದು ಕಲ್ಲೂ ತಾಗಿರಲಿಲ್ಲ. ಗಂಟು ಸರಿ ಇತ್ತು.

"ಹೇಳು" ಅಂದೆ. ಧಣೀ ಅನ್ನಲಿಲ್ಲ.

"ನೀರು..."

"ಹೇಳಿದ ಮ್ಯಾಲೆ."

ಅವನು ಅತ್ತ. ಖಾರಕ್ಕೆ ಅತ್ತನೋ ಏನೋ. "ಸತ್ತ" ಅಂದ. "ಭರಮ್ಯಾ ಸತ್ತ. ತೋಫಿನ ಗುಂಡಿಗೆ. ನನ್ನ ಎಳಕೊಂಡ ಬಂದು ಮತ್ತ ಹೋದ."

ಕೇರಿಯೆಲ್ಲ ಕೇಳಿತು. ಕಲ್ಲಿನ ಆಚೆಯವರೂ ಕೇಳಿದರು. ಶೇಖವ್ವ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಹೋಗೂ ಮುಂದ ಏನರ ಅಂದನೇನು?"

ಜಮಾದಾರ ಬಾಯಿಯ ರಕ್ತ ಉಗುಳಿದ.

"ಇನ್ನೊಬ್ಬ ಅದಾನ ಅಂದ. ಅಷ್ಟ ಅಂದು ಹೋದ."

ಅವಳು ತಲೆಯಾಡಿಸಿದಳು. ಗಂಡನ ಮಾತೇ ಹೌದು ಅನ್ನುವ ಹಾಗೆ. ಆಮೇಲೆ ಜಮಾದಾರನ ಎದೆಗೆ ಕೈ ಹಾಕಿ ಪದಕ ಕಿತ್ತಳು. ಬಟ್ಟೆ ಹರಿದು ಬಂತು. ಬೆಳ್ಳಿ, ರೂಪಾಯಿಗಿಂತ ತುಸು ದೊಡ್ಡದು. ಅಂಚಿನ ಮೇಲೆ ಅವನ ಹೆಸರು ಕೊರೆದಿತ್ತು. ಎಡಗೈ ಹೊಸ್ತಿಲ ಮೇಲಿಟ್ಟು ಆ ಬೆಳ್ಳಿಯಿಂದ ಬಳೆ ಕುಟ್ಟಿದಳು. ಆಮೇಲೆ ಬಲಗೈ. ಹಸಿರು ಚೂರು ಮಾಂಸಕ್ಕೆ ಹೊಕ್ಕವು. ಒಂದೂ ಉಳಿಯದ ತನಕ ಕುಟ್ಟಿದಳು. ಅಲ್ಲಿಯ ತನಕ ತಡೆದಿಟ್ಟ ಅಳು ಆಗ ಬಂತು. ಆ ದನಿ ನಾನು ಯಾವ ಸಾವಿನಲ್ಲೂ ಕೇಳಿಲ್ಲ. ಅತ್ತು ಮುಗಿದ ಮೇಲೆ ಪದಕವನ್ನು ಸುಣ್ಣದ ಕುಂಡಕ್ಕೆ ಒಗೆದಳು.

ಪೊಲೀಸರು ಬಂದೂಕಿನ ಜೊತೆ ಬಂದರು. ಅವರಿಗೆ ಗಡಿಕಲ್ಲು ಇರಲಿಲ್ಲ. ಕೇರಿಯ ಗಂಡಸರನ್ನೆಲ್ಲ ಮಣ್ಣಿಗೆ ಮುಖಹಾಕಿ ಮಲಗಿಸಿ ಬೆನ್ನ ಮೇಲೆ ನಡೆದರು. ನನ್ನನ್ನು ಅಣ್ಣನ ಮಿಣಿಯಿಂದಲೇ ಬೇವಿನ ಗಿಡಕ್ಕೆ ಕಟ್ಟಿದರು. ಬಂದೂಕಿನ ಹಿಂಭಾಗದಿಂದ ಪಕ್ಕೆಲುಬು ಎಣಿಸಿದರು. ಜಮಾದಾರನನ್ನು ಚಕ್ಕಡಿಯಲ್ಲಿ ಮಲಗಿಸಿದ್ದರು, ಕಣ್ಣಿಗೆ ಹಸಿ ಬಟ್ಟೆ.

ಫೌಜದಾರ ಕುಂಡದ ಹತ್ತಿರ ನಿಂತ. ಸುಣ್ಣ, ಕೂದಲು, ಕೊಳೆತ ಕೊಬ್ಬು. ಮೂಗು ಮುಚ್ಚಿದ.

"ಸರಕಾರದ ಪದಕ. ತಗೀರಿ."

ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲಿನ ಆಚೆಯಿಂದ ಮುದಿ ಗೌಡ ಆಳಿಗೆ ಕಣ್ಣು ಮಾಡಿದ. ಎಣ್ಣೆ ತಿಕ್ಕುತ್ತಿದ್ದ ಆ ಆಳು ಎರಡು ಹೆಜ್ಜೆ ಹಿಂದೆ ಸರಿದ. ಫೌಜದಾರ ನಮ್ಮವರ ಕಡೆ ತಿರುಗಿದ. ಮಣ್ಣಲ್ಲಿ ಮಲಗಿದವರು ಯಾರೂ ಏಳಲಿಲ್ಲ. ಒಬ್ಬನನ್ನು ಕೂದಲು ಹಿಡಿದು ಎಬ್ಬಿಸಿ ಒದ್ದರು. ಕುಂಡದ ದಂಡೆಗೆ ಬಿದ್ದ. ಕೈ ಎದೆಗೆ ಅಪ್ಪಿಕೊಂಡೇ ಇದ್ದ. ಇನ್ನೊಬ್ಬನನ್ನು ಒದ್ದರು. ಅವನೂ ಹಾಗೆಯೇ ಬಿದ್ದ.

ಆಗ ಶೇಖವ್ವ ಎದ್ದಳು. ಎರಡೂ ತೋಳು ಫೌಜದಾರನ ಮುಂದೆ ಚಾಚಿದಳು. ಬರಿದು. ಮಣಿಕಟ್ಟಿನಿಂದ ರಕ್ತ ಬೆರಳಿಗೆ ಇಳಿಯುತ್ತಿತ್ತು.

"ನಾ ತಗೀತೇನ್ರಿ. ದಿನಾ ಅದರಾಗ ಕೈಯಾಡಸೂದ ಐತಿ. ಆದ್ರ ಮೊದಲ ನಿಮ್ಮ ಪುಸ್ತಕದಾಗ ಬರಕೋರಿ. ಭರಮಪ್ಪ ಮಾದರ ರಣದಾಗ ಸತ್ತ ಅಂತ. ಬರದು ನನಗ ಓದಿ ಹೇಳ್ರಿ. ಆಮ್ಯಾಲೆ ಕೈ ಹಾಕ್ತೇನಿ."

ಫೌಜದಾರ ಅವಳ ಕೈ ನೋಡಿದ. ಇಡೀ ಊರು ಕಲ್ಲಿನ ಆಚೆ ನಿಂತಿತ್ತು. ಎಲ್ಲರೂ ಕೇಳಿದವರೇ. ಅವನು ಪುಸ್ತಕ ತೆರೆದ. ಸೀಸಕಡ್ಡಿ ತೆಗೆದ. ಚಕ್ಕಡಿಯ ಕಡೆ ತಿರುಗಿ ಕೇಳಿದ.

"ಏನ್ರೀ ಜಮಾದಾರ್ರ, ಬರೀಲೇನು? ಬರದ್ರ ಪದಕ ಕೈಗೆ ಬರತೈತಿ."

ಬರೆದರೆ ಬೆಳ್ಳಿ ಬರುತ್ತಿತ್ತು, ಅಕ್ಷರ ಹೋಗುತ್ತಿದ್ದವು. ಬರೆಯದಿದ್ದರೆ ಅಕ್ಷರ ಉಳಿಯುತ್ತಿದ್ದವು, ಬೆಳ್ಳಿ ಕುಂಡದಲ್ಲಿ. ಜಮಾದಾರ ಕಣ್ಣಿನ ಬಟ್ಟೆ ತೆಗೆಯಲಿಲ್ಲ.

"ಬರೀಬ್ಯಾಡ್ರಿ" ಅಂದ.

ಫೌಜದಾರ ಪುಸ್ತಕ ಮುಚ್ಚಿದ. ಶೇಖವ್ವ ಕೈ ಹಿಂದಕ್ಕೆ ಕಟ್ಟಿಕೊಂಡಳು.

ನನಗೆ ಐದು ವರ್ಷ ಜೈಲು ಕೊಟ್ಟರು. ಇದನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ವಾಡೆಯ ಹಲಗೆಯ ಮೇಲೆ ಅಕ್ಷರಗಳು ಹಾಗೇ ಇವೆಯಂತೆ. ಪೊಲೀಸರ ಪುಸ್ತಕದಲ್ಲಿ ಭಗೋಡಾ ಹಾಗೇ ಇದೆಯಂತೆ. ಕುಂಡದಲ್ಲಿ ಸುಣ್ಣ ಹಾಕುತ್ತಾರೆ, ಚರ್ಮ ಹಾಕುತ್ತಾರೆ, ತೆಗೆಯುತ್ತಾರೆ. ಕೇರಿಯವರು ತಳ ಮಾತ್ರ ಕೆರೆಯುವುದಿಲ್ಲ. ಶನಿವಾರ ಒಬ್ಬ ಪೊಲೀಸ ಬಂದು ಗಂಡ ಎಲ್ಲಿ ಅಂತ ಶೇಖವ್ವನನ್ನು ಈಗಲೂ ಕೇಳುತ್ತಾನಂತೆ. ಅವಳು ಬರಿದಾದ ಕೈಯೆತ್ತಿ ಕುಂಡ ತೋರಿಸುತ್ತಾಳೆ.

ಪದಕ ಅಲ್ಲೇ ಇದೆ. ಯಾರಿಗೆ ಬೇಕೋ ಅವರು ಬಂದು ಕೈ ಹಾಕಲಿ.